ಮಳೆಯ ಲೆಕ್ಕವೂ ಗಣಕಯಂತ್ರದ ಲೆಕ್ಕವೂ

ಮುಂಗಾರು ನಾಲ್ಕು ದಿನ ತಡವಾದರೆ ಹವಾಮಾನ ಇಲಾಖೆಯನ್ನು ಗೇಲಿ ಮಾಡುವುದು, ನಾಲ್ಕು ದಿನ ಬಿಡದೆ ಸುರಿದರೆ ಸರಕಾರವನ್ನು ದೂರುವುದು ನಮ್ಮಲ್ಲಿ ಹಳೆಯ ಅಭ್ಯಾಸ. ಈಚಿನ ವರ್ಷಗಳಲ್ಲಿ ಇದಕ್ಕೆ ಮತ್ತೊಂದು ವಿಷಯ ಸೇರಿಕೊಂಡಿದೆ. ನಾಳೆಯ ಮಳೆಯ ಮಾತು ಹಾಗಿರಲಿ, 2050ನೇ ಇಸವಿಯಲ್ಲಿ ಎಷ್ಟು ಮಳೆ, 2100ನೇ ಇಸವಿಯಲ್ಲಿ ಎಷ್ಟು ಮಳೆ ಎಂಬ ಲೆಕ್ಕಗಳು ಬಣ್ಣದ ನಕಾಶೆಗಳಲ್ಲಿ ಬರತೊಡಗಿವೆ. ಇವುಗಳನ್ನು ಕಂಡಾಗ ನಮ್ಮ ನಡುವೆ ಎರಡು ಪಂಗಡಗಳು ಹುಟ್ಟಿಕೊಳ್ಳುತ್ತವೆ. ಗಣಕಯಂತ್ರ ಹೇಳಿತೆಂದ ಮೇಲೆ ಅದೇ ವೇದವಾಕ್ಯ ಎನ್ನುವವರು ಒಂದು ಕಡೆ. ನಾಳೆ ಬದಿಯಡ್ಕದಲ್ಲಿ ಮಳೆ ಬರುವುದೋ ಇಲ್ಲವೋ ಎಂದು ಖಚಿತವಾಗಿ ಹೇಳಲಾರದವರು ಇನ್ನು 75 ವರ್ಷಗಳ ಮಾತನ್ನು ಹೇಗೆ ಹೇಳಿಯಾರು ಎಂದು ನಕ್ಕು ಸುಮ್ಮನಾಗುವವರು ಇನ್ನೊಂದು ಕಡೆ.

ಈ ಎರಡು ನಿಲುವುಗಳೂ ತಪ್ಪು ಎಂಬುದು ನಮ್ಮ ಅಭಿಪ್ರಾಯ. ತಪ್ಪು ಎಂದಷ್ಟೇ ಹೇಳಿದರೆ ಸಾಲದು, ಅಪಾಯಕಾರಿಯೂ ಹೌದು. ಗುಡ್ಡದ ಬುಡದಲ್ಲಿ ಮನೆ ಕಟ್ಟಿ ಕುಳಿತವರ, ತೋಡಿನ ಬದಿಯಲ್ಲಿ ಅಡಕೆ ತೋಟ ಮಾಡಿದವರ ಸುರಕ್ಷೆಯು ಈ ಲೆಕ್ಕಗಳನ್ನು ನಾವು ಹೇಗೆ ಓದುತ್ತೇವೆ ಎಂಬುದನ್ನು ಹೊಂದಿಕೊಂಡಿದೆ. ಆದ್ದರಿಂದ ಉಷ್ಣವಲಯದ ಮಳೆಯನ್ನು ಲೆಕ್ಕಕ್ಕೆ ಹಿಡಿಯುವುದು ವಿಜ್ಞಾನಿಗಳಿಗೆ ಏಕೆ ಇಷ್ಟು ಕಷ್ಟವಾಗಿದೆ ಎಂಬುದನ್ನು ಸಾಮಾನ್ಯ ವಾಚಕರೂ ಸ್ವಲ್ಪ ತಿಳಿದಿರುವುದು ಅಗತ್ಯ.

ವಾಯುಗುಣದ ಮಾದರಿ ಎಂದು ಕರೆಯುವುದು ಮೂಲತಃ ಒಂದು ಗಣಿತ. ಗಾಳಿಯ ಚಲನೆ, ಶಾಖ, ಒತ್ತಡ, ತೇವಾಂಶ ಇವುಗಳಿಗೆ ಸಂಬಂಧಿಸಿದ ಭೌತಶಾಸ್ತ್ರದ ನಿಯಮಗಳನ್ನು ಸಮೀಕರಣಗಳಾಗಿ ಬರೆದು, ಭೂಮಂಡಲವನ್ನು ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದು ಚೌಕದಲ್ಲಿಯೂ ಕ್ಷಣಕ್ಷಣದ ಸ್ಥಿತಿಯನ್ನು ಲೆಕ್ಕ ಹಾಕುತ್ತಾ ಮುಂದೆ ಸಾಗುವುದೇ ಈ ವಿಧಾನ. ಇದರ ಆದಿಪುರುಷ ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಗಣಕಯಂತ್ರಗಳಿಲ್ಲದ ಕಾಲದಲ್ಲಿ ಆತ 1910ರ ಮೇ 20ರ ಯೂರೋಪಿನ ಹವೆಯನ್ನು ಕೇವಲ ಆರು ಗಂಟೆಗಳ ಮಟ್ಟಿಗೆ ಕೈಯಿಂದಲೇ ಲೆಕ್ಕ ಹಾಕಿದ. ಅದಕ್ಕೆ ಆರು ವಾರಗಳು ಹಿಡಿದುವು. ಬಂದ ಉತ್ತರವೋ, ವಾಯುಭಾರವು ಆರು ಗಂಟೆಗಳಲ್ಲಿ 145 ಮಿಲಿಬಾರ್ ಏರಬೇಕೆಂದು! ವಾಸ್ತವವಾಗಿ ಅಂದು ವಾಯುಭಾರ ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು. ರಿಚರ್ಡ್‌ಸನ್ ಈ ಸೋಲನ್ನು ಮುಚ್ಚಿಡದೆ 1922ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಚ್ಚು ಹಾಕಿಸಿದ. ಇಂದಿನ ಹವಾಮಾನ ಮುನ್ಸೂಚನೆಯೆಲ್ಲ ಆ ಸೋಲಿನ ಬುನಾದಿಯ ಮೇಲೆ ನಿಂತಿದೆ. ಶಾಸ್ತ್ರ ಮುಂದುವರಿಯುವುದು ಇಂತಹ ಪ್ರಾಮಾಣಿಕತೆಯಿಂದಲೇ ಹೊರತು ಬಡಾಯಿಯಿಂದಲ್ಲ.

ಈ ಚೌಕಗಳ ಗಾತ್ರದಲ್ಲಿಯೇ ತೊಡಕಿನ ಮೊದಲನೆಯ ಕಾರಣವಿದೆ. ಇಡೀ ಭೂಮಿಯ ಮುಂದಿನ ನೂರು ವರ್ಷಗಳ ಲೆಕ್ಕ ಹಾಕುವ ಮಾದರಿಗಳಲ್ಲಿ ಒಂದು ಚೌಕದ ಬದಿ ಸಾಮಾನ್ಯವಾಗಿ 100 ಕಿಲೋಮೀಟರಿನ ಆಸುಪಾಸಿನಲ್ಲಿರುತ್ತದೆ. ಅಂದರೆ ಒಂದು ಚೌಕದ ವಿಸ್ತೀರ್ಣ 10,000 ಚದರ ಕಿಲೋಮೀಟರ್. ನಮ್ಮ ಕಾಸರಗೋಡು ಜಿಲ್ಲೆಯ ಒಟ್ಟು ವಿಸ್ತೀರ್ಣವೇ ಸುಮಾರು 2,000 ಚದರ ಕಿಲೋಮೀಟರ್. ಇಡೀ ಜಿಲ್ಲೆಯನ್ನು ಇಟ್ಟರೂ ಆ ಚೌಕದ ಐದನೆಯ ಒಂದು ಭಾಗ ಮಾತ್ರ ತುಂಬುತ್ತದೆ. ಅಂತಹ ಒಂದು ಚೌಕಕ್ಕೆ ಒಂದೇ ಮಳೆ, ಒಂದೇ ಎತ್ತರ, ಒಂದೇ ಉಷ್ಣತೆ.

ಇಲ್ಲಿಂದ ಮೈಸೂರಿನವರೆಗೆ ಒಂದು ನೇರ ಗೆರೆ ಎಳೆದು ನೋಡೋಣ. ಸುಮಾರು 180 ಕಿಲೋಮೀಟರು. ಈ ಗೆರೆಯ ಪಡುವಣ ತುದಿಯಲ್ಲಿ ನಮ್ಮ ಕರಾವಳಿ, ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ನಡುವೆ ಚಂದ್ರಗಿರಿ ಹೊಳೆ ಹುಟ್ಟುವ ಕೊಡಗಿನ ಬೆಟ್ಟಗಳು, ಕೆಲವೆಡೆಗಳಲ್ಲಿ ಕರಾವಳಿಗಿಂತಲೂ ಎಷ್ಟೋ ಹೆಚ್ಚು ಮಳೆ. ಮೂಡಣ ತುದಿಯ ಮೈಸೂರಿನಲ್ಲಿ 800 ಮಿಲಿಮೀಟರಿನ ಸುಮಾರು. ಇಷ್ಟೊಂದು ಅಂತರವನ್ನು ಉಂಟುಮಾಡುವುದು ಪಶ್ಚಿಮ ಘಟ್ಟ. ಅರಬಿ ಸಮುದ್ರದಿಂದ ತೇವ ಹೊತ್ತು ಬರುವ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ, ತಣಿದು, ನೀರಿಳಿಸಿ, ಆಚೆಗೆ ಒಣಗಿದ ಗಾಳಿಯಾಗಿ ಸಾಗುತ್ತದೆ. ಆದರೆ 100 ಕಿಲೋಮೀಟರಿನ ಚೌಕಗಳಲ್ಲಿ ಈ ಗೆರೆಯೆಲ್ಲ ಎರಡೇ ಮನೆಗಳಲ್ಲಿ ಮುಗಿದುಹೋಗುತ್ತದೆ. 1,700 ಮೀಟರಿಗಿಂತ ಎತ್ತರವಾದ ತಡಿಯಂಡಮೋಳ್, ಪುಷ್ಪಗಿರಿಗಳು ಸರಾಸರಿಯಲ್ಲಿ ಕರಗಿ ಒಂದು ತಗ್ಗು ದಿಣ್ಣೆಯಾಗುತ್ತವೆ. ಗೋಡೆಯೇ ಇಲ್ಲದ ಮೇಲೆ ಗಾಳಿ ಬಡಿಯುವುದಾದರೂ ಎಲ್ಲಿಗೆ? ಘಟ್ಟದ ಮಳೆಯನ್ನು ಇಂತಹ ಮಾದರಿಗಳು ಸರಿಯಾಗಿ ತೋರಿಸದಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಎರಡನೆಯ ಕಾರಣ ಮೋಡ. ಗುಡುಗಿನ ಮಳೆ ತರುವ ಮೋಡದಲ್ಲಿ ಗಾಳಿ ಮೇಲಕ್ಕೆ ನುಗ್ಗುವ ಭಾಗದ ಅಗಲ ಒಂದೆರಡು ಕಿಲೋಮೀಟರು ಇದ್ದೀತು. ಮಧೂರಿನಲ್ಲಿ ಧಾರಾಕಾರ ಸುರಿಯುವಾಗ ಕುಂಬಳೆಯಲ್ಲಿ ಬಿಸಿಲು ಕಾಯುವುದನ್ನು ನಾವೆಲ್ಲ ಕಂಡವರೇ. 100 ಕಿಲೋಮೀಟರಿನ ಬಲೆಯಲ್ಲಿ ಈ ಸಣ್ಣ ಮೀನು ಸಿಕ್ಕುವುದಿಲ್ಲ. ಆದ್ದರಿಂದ ವಿಜ್ಞಾನಿಗಳು ಒಂದು ಉಪಾಯ ಹೂಡುತ್ತಾರೆ. ಚೌಕದ ಒಟ್ಟು ತೇವ ಇಷ್ಟು, ಉಷ್ಣತೆ ಇಷ್ಟು ಇದ್ದರೆ ಅದರೊಳಗೆ ಸರಾಸರಿ ಇಷ್ಟು ಮೋಡ, ಇಷ್ಟು ಮಳೆ ಆಗಬಹುದೆಂದು ಒಂದು ಅಂದಾಜು ಸೂತ್ರವನ್ನು ಬರೆದಿಡುತ್ತಾರೆ. ಅಕಿಯೊ ಅರಕಾವಾ ಎಂಬ ಜಪಾನೀ ಮೂಲದ ವಿಜ್ಞಾನಿ ತನ್ನ ಶಿಷ್ಯ ಶೂಬರ್ಟ್ ಜತೆ 1974ರಲ್ಲಿ ರೂಪಿಸಿದ ಸೂತ್ರ ಇವುಗಳಲ್ಲಿ ಪ್ರಸಿದ್ಧವಾದುದು. ಅನಂತರ ಹತ್ತಾರು ಸೂತ್ರಗಳು ಬಂದಿವೆ. ಒಂದೊಂದು ಮಾದರಿಯಲ್ಲಿ ಒಂದೊಂದು ಸೂತ್ರ. ಒಂದೊಂದು ಸೂತ್ರಕ್ಕೆ ಒಂದೊಂದು ಮಳೆ. ಮಾದರಿಗಳೊಳಗಿನ ಭಿನ್ನಾಭಿಪ್ರಾಯದ ದೊಡ್ಡ ಪಾಲು ಇಲ್ಲಿಂದಲೇ ಬರುತ್ತದೆ.

ಮೋಡದ ಒಳಗಿನ ಸಂಗತಿ ಇನ್ನೂ ಸೂಕ್ಷ್ಮ. ಮೋಡದ ಕಣವೆಂದರೆ ಮಿಲಿಮೀಟರಿನ ನೂರನೆಯ ಒಂದು ಪಾಲಿನಷ್ಟು ಗಾತ್ರದ ನೀರು. ಅಂತಹ ಸುಮಾರು ಹತ್ತು ಲಕ್ಷ ಕಣಗಳು ಕೂಡಿದರೆ ಒಂದು ಮಳೆಹನಿ. ಧೂಳು, ಹೊಗೆ, ಸಮುದ್ರದ ಉಪ್ಪು ಇವುಗಳ ಮೇಲೆ ನೀರು ಹೇಗೆ ಕೂಡುತ್ತದೆ, ಎಷ್ಟು ಬೇಗ ಹನಿಯಾಗುತ್ತದೆ ಎಂಬುದನ್ನೆಲ್ಲ ಮತ್ತೆ ಅಂದಾಜಿನಿಂದಲೇ ಹೇಳಬೇಕು.

ಹಾಗಾದರೆ ಯೂರೋಪಿನ ಮಳೆ ಲೆಕ್ಕಕ್ಕೆ ಸಿಕ್ಕುವಷ್ಟಾದರೂ ನಮ್ಮ ಮಳೆ ಏಕೆ ಸಿಕ್ಕುವುದಿಲ್ಲ? ವಿಜ್ಞಾನಿಗಳಿಗೆ ನಮ್ಮ ಮೇಲೆ ಏನೂ ದ್ವೇಷವಿಲ್ಲ. ವ್ಯತ್ಯಾಸ ಪ್ರಕೃತಿಯಲ್ಲೇ ಇದೆ. ಸಮಶೀತೋಷ್ಣ ವಲಯದ ಚಳಿಗಾಲದಲ್ಲಿ ಬಿಸಿಗಾಳಿಯೂ ತಂಪುಗಾಳಿಯೂ ಸಂಧಿಸುವ ಕಡೆ, ಸಾವಿರಾರು ಕಿಲೋಮೀಟರ್ ಹರವಿನ ವಾಯುಭಾರ ಕುಸಿತಗಳ ಜತೆ ಮಳೆ ಬರುತ್ತದೆ. ಭೂಮಿಯ ತಿರುಗುವಿಕೆಯ ಪ್ರಭಾವ ಅಲ್ಲಿ ಬಲವಾಗಿರುವುದರಿಂದ ಅವುಗಳಿಗೆ ಒಂದು ಶಿಸ್ತು ಇದೆ. ಅಷ್ಟು ದೊಡ್ಡ ಮೀನು ದೊಡ್ಡ ಕಣ್ಣಿನ ಬಲೆಯಲ್ಲಿಯೂ ಸಿಕ್ಕುತ್ತದೆ. ಉಷ್ಣವಲಯದಲ್ಲಿ ಭೂಭ್ರಮಣದ ಹಿಡಿತ ಸಡಿಲ. ಒಂದೂರಿಗೂ ಇನ್ನೊಂದೂರಿಗೂ ಉಷ್ಣತೆಯ ಅಂತರ ಅತ್ಯಲ್ಪ. ಇಲ್ಲಿ ಮಳೆಯನ್ನು ನಡೆಸುವುದು ಬಹುಮಟ್ಟಿಗೆ ಮೋಡಗಳೇ.

ಇಷ್ಟೇ ಅಲ್ಲ, ಮಳೆ ತಾನೇ ಗಾಳಿಯನ್ನು ಆಳುತ್ತದೆ. ಆವಿ ನೀರಾಗುವಾಗ ಶಾಖ ಬಿಡುಗಡೆಯಾಗುತ್ತದೆಂಬುದು ಶಾಲೆಯ ಪಾಠ. ಒಂದು ಚದರ ಕಿಲೋಮೀಟರ್ ಜಾಗದಲ್ಲಿ 100 ಮಿಲಿಮೀಟರ್ ಮಳೆ ಬಿತ್ತೆಂದರೆ ಒಂದು ಲಕ್ಷ ಟನ್ ನೀರು. ಅದು ಆವಿಯಿಂದ ನೀರಾಗುವಾಗ ಬಿಡುವ ಶಾಖ ಸುಮಾರು 7 ಕೋಟಿ ಯೂನಿಟ್ ವಿದ್ಯುತ್ತಿಗೆ ಸಮ. ಈ ಶಾಖ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ದೂಡುತ್ತದೆ, ಸುತ್ತಲಿನ ತೇವವನ್ನು ಸೆಳೆಯುತ್ತದೆ, ದೂರದ ಗಾಳಿಯ ದಿಕ್ಕನ್ನೂ ಬದಲಿಸುತ್ತದೆ. ಆದ್ದರಿಂದ ಮೋಡದ ಲೆಕ್ಕದಲ್ಲಿ ಸಣ್ಣ ತಪ್ಪಾದರೆ ಅದು ಸಣ್ಣದಾಗಿ ಉಳಿಯುವುದಿಲ್ಲ. ತಪ್ಪು ಮಳೆ ತಪ್ಪು ಗಾಳಿಯನ್ನು ಹುಟ್ಟಿಸುತ್ತದೆ. ತಪ್ಪು ಗಾಳಿ ಮತ್ತೆ ತಪ್ಪು ಮಳೆಯನ್ನು ಬೆಳೆಸುತ್ತದೆ. ಸಾಲಕ್ಕೆ ಬಡ್ಡಿ ಬೆಳೆದ ಹಾಗೆ.

ಪರಿಣಾಮವಾಗಿ ಈ ಮಾದರಿಗಳಲ್ಲಿ ಕೆಲವು ದೋಷಗಳು ರೂಢಮೂಲವಾಗಿವೆ. ಪೆಸಿಫಿಕ್ ಸಾಗರದ ಮಧ್ಯ ಮತ್ತು ಪೂರ್ವ ಭಾಗದಲ್ಲಿ ಭೂಮಧ್ಯರೇಖೆಯ ಉತ್ತರಕ್ಕೆ ಮಳೆಯ ಒಂದು ಪಟ್ಟಿ ಇದೆ. ಅನೇಕ ಮಾದರಿಗಳು ದಕ್ಷಿಣಕ್ಕೂ ಇಲ್ಲದ ಇನ್ನೊಂದು ಪಟ್ಟಿಯನ್ನು ತೋರಿಸುತ್ತವೆ. 1995ರಲ್ಲಿಯೇ ಎತ್ತಿ ತೋರಿಸಲಾಗಿದ್ದ ಈ ದೋಷ ಮೂರು ತಲೆಮಾರಿನ ಮಾದರಿಗಳು ಕಳೆದರೂ ಪೂರ್ಣವಾಗಿ ಹೋಗಿಲ್ಲ. ಇನ್ನೊಂದು, ಮಾದರಿಗಳ ಮಳೆ ಬಹಳ ಸೌಮ್ಯ. ನಿಜವಾದ ಪ್ರಪಂಚಕ್ಕಿಂತ ಹೆಚ್ಚು ದಿನ ಜಿನುಗುತ್ತವೆ. ಹೊಡೆದು ಸುರಿಯಬೇಕಾದಲ್ಲಿ ಅಷ್ಟು ಸುರಿಯುವುದಿಲ್ಲ. ಮತ್ತೊಂದು, ನೆಲದ ಮೇಲಿನ ಗುಡುಗಿನ ಮಳೆ ಸಾಮಾನ್ಯವಾಗಿ ಇಳಿಹೊತ್ತಿನಲ್ಲಿ ಬರುವುದಾದರೆ ಮಾದರಿಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೇ ಬಂದುಬಿಡುತ್ತದೆ. ನಮ್ಮ ದೇಶದ ಮಟ್ಟಿಗೆ ಹೇಳುವುದಾದರೆ, ಮಧ್ಯ ಭಾರತದಲ್ಲಿ ಇರುವುದಕ್ಕಿಂತ ಕಡಿಮೆ ಮಳೆಯನ್ನೂ ಭೂಮಧ್ಯರೇಖೆಯ ಬಳಿಯ ಹಿಂದೂ ಮಹಾಸಾಗರದಲ್ಲಿ ಇರುವುದಕ್ಕಿಂತ ಹೆಚ್ಚು ಮಳೆಯನ್ನೂ ತೋರಿಸುವುದು ಬಹಳ ಮಾದರಿಗಳ ಚಾಳಿ.

ಮಳೆಗಾಲದ ಏರಿಳಿತದ್ದೂ ಇದೇ ಕಥೆ. ನಾಲ್ಕು ತಿಂಗಳು ಒಂದೇ ಸಮನೆ ಮಳೆ ಸುರಿಯುವುದಿಲ್ಲ. ಆಟಿಯಲ್ಲಿಯೂ ನಡುನಡುವೆ ಬಿಸಿಲಿನ ಬಿಡುವು ಬರುತ್ತದೆ. ಇದರ ಹಿಂದೆ ಉಷ್ಣವಲಯವನ್ನು ವ್ಯಾಪಿಸಿದ ದೀರ್ಘ ಲಯಗಳಿವೆ. ಅಂತಹ ಒಂದನ್ನು, ಭೂಮಧ್ಯರೇಖೆಯ ಗುಂಟ ಪೂರ್ವಕ್ಕೆ ಸರಿಯುವ 30ರಿಂದ 60 ದಿನಗಳ ಅಲೆಯನ್ನು, 1971ರಲ್ಲಿ ಮ್ಯಾಡನ್ ಮತ್ತು ಜೂಲಿಯನ್ ಎಂಬವರು ಗುರುತಿಸಿದರು. ಈ ಅಲೆಯನ್ನು ತಕ್ಕ ಬಲದಲ್ಲಿ, ತಕ್ಕ ವೇಗದಲ್ಲಿ ಮೂಡಿಸುವುದು ಇಂದಿಗೂ ಮಾದರಿಗಳಿಗೆ ಕಠಿಣ ಪರೀಕ್ಷೆಯೇ.

ಇನ್ನು ಹೊಗೆಯ ಪಾತ್ರ. ಭಾರತ ಸರಕಾರದ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಹೊರತಂದ ವರದಿಯ ಪ್ರಕಾರ 1951ರಿಂದ 2015ರ ನಡುವೆ ನಮ್ಮ ದೇಶದ ಮುಂಗಾರು ಮಳೆ ಸುಮಾರು 6 ಶೇಕಡಾ ಇಳಿದಿದೆ. ಗಂಗಾ ಬಯಲಿನಲ್ಲಿಯೂ ಪಶ್ಚಿಮ ಘಟ್ಟದಲ್ಲಿಯೂ ಈ ಇಳಿಕೆ ಎದ್ದುಕಾಣುವಂತಿದೆ. ಆದರೆ ಭೂಮಿ ಬಿಸಿಯೇರಿದಂತೆ ಮುಂಗಾರು ಹೆಚ್ಚಬೇಕೆಂಬುದು ಮಾದರಿಗಳ ಒಟ್ಟು ಅಭಿಪ್ರಾಯ. ಇದೆಂತಹ ವಿರೋಧವೆಂದು ಯಾರಿಗಾದರೂ ಅನ್ನಿಸಬಹುದು. ಕಾರ್ಖಾನೆ, ವಾಹನ, ಒಲೆಗಳ ಹೊಗೆಯ ಕಣಗಳು ಬಿಸಿಲನ್ನು ತಡೆದು ನೆಲವನ್ನು ತಣಿಸಿ ಮುಂಗಾರನ್ನು ಕುಗ್ಗಿಸಿವೆ, ಇಂಗಾಲಾಮ್ಲ ಅನಿಲದಿಂದಾದ ಏರಿಕೆಯನ್ನು ಈ ಇಳಿಕೆ ಮೀರಿಸಿತ್ತು ಎಂಬುದು ವಿಜ್ಞಾನಿಗಳು ಕೊಡುವ ಮುಖ್ಯ ಸಮಾಧಾನ. ಎರಡು ಎತ್ತುಗಳು ಎದುರುಬದುರು ಎಳೆಯುವಾಗ ಗಾಡಿ ಯಾವ ಕಡೆಗೆ ಸರಿದೀತೆಂದು ಹೇಳಬೇಕಾದರೆ ಎರಡರ ಬಲವೂ ನಿಖರವಾಗಿ ತಿಳಿದಿರಬೇಕು. ಹೊಗೆಯ ಬಲವನ್ನು ಅಷ್ಟು ನಿಖರವಾಗಿ ಅಳೆಯುವುದು ಇನ್ನೂ ಸಾಧ್ಯವಾಗಿಲ್ಲ.

ಬಲೆಯ ಕಣ್ಣನ್ನು ಸಣ್ಣದು ಮಾಡಿದರಾಯಿತಲ್ಲ ಎಂದು ಕೇಳಬಹುದು. ಚೌಕದ ಬದಿಯನ್ನು ಅರ್ಧ ಮಾಡಿದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಲೆಕ್ಕದ ಹೆಜ್ಜೆಯೂ ಅರ್ಧವಾಗಬೇಕಾದುದರಿಂದ ಕೆಲಸ ಎಂಟು ಪಟ್ಟು. 100 ಕಿಲೋಮೀಟರಿನಿಂದ ಒಂದು ಕಿಲೋಮೀಟರಿಗೆ ಇಳಿಯಬೇಕಾದರೆ ಹತ್ತು ಲಕ್ಷ ಪಟ್ಟು. ಜಪಾನಿನ ವಿಜ್ಞಾನಿಗಳು ಈ ಶತಮಾನದ ಆದಿಯಲ್ಲಿಯೇ 'ಅರ್ತ್ ಸಿಮ್ಯುಲೇಟರ್' ಎಂಬ ಮಹಾಗಣಕದಲ್ಲಿ 3.5 ಕಿಲೋಮೀಟರಿನ ಚೌಕಗಳಿಂದ ಇಡೀ ಭೂಮಂಡಲದ ಲೆಕ್ಕ ಮಾಡಿ ತೋರಿಸಿದರು. ಅದು ಕೆಲವೇ ದಿನಗಳ ಲೆಕ್ಕ, ನೂರು ವರ್ಷಗಳದ್ದಲ್ಲ. ನಮ್ಮಲ್ಲಿಯೂ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ 'ಅರ್ಕ' ಎಂಬ ಮಹಾಗಣಕ 2024ರಲ್ಲಿ ಬಂದಿತು. 2025ರ ಮೇ ತಿಂಗಳಲ್ಲಿ 6 ಕಿಲೋಮೀಟರಿನ 'ಭಾರತ್ ಫೋರ್‌ಕಾಸ್ಟ್ ಸಿಸ್ಟಮ್' ಕಾರ್ಯಾರಂಭ ಮಾಡಿತು. ಆ ಲೆಕ್ಕದಲ್ಲಿ ನಮ್ಮ ಜಿಲ್ಲೆಗೆ ಸುಮಾರು 55 ಚೌಕಗಳು ಸಿಕ್ಕುತ್ತವೆ. ಇದು ಹೆಮ್ಮೆ ಪಡಬೇಕಾದ ಸಂಗತಿಯೇ. ಆದರೆ ಇದು ದಿನಗಳ ಮುನ್ಸೂಚನೆಗಾಗಿ ಇರುವ ವ್ಯವಸ್ಥೆ. ಇದನ್ನು ಶತಮಾನದ ಲೆಕ್ಕದೊಂದಿಗೆ ಬೆರೆಸಬಾರದು.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಈ ಲೆಕ್ಕಗಳನ್ನೆಲ್ಲ ಹೊಳೆಗೆ ಎಸೆಯೋಣವೆ? ಖಂಡಿತ ಕೂಡದು. ಮಳೆಯ ಲೆಕ್ಕ ತಪ್ಪುವ ಮಾದರಿಗಳು ಉಷ್ಣತೆಯ ಲೆಕ್ಕದಲ್ಲಿ ಅಷ್ಟು ತಪ್ಪುವುದಿಲ್ಲ. ಇಂಗಾಲಾಮ್ಲ ಅನಿಲ ಇಮ್ಮಡಿಯಾದರೆ ಭೂಮಿ ಎರಡು ಡಿಗ್ರಿಗಳಿಗಿಂತ ತುಸು ಹೆಚ್ಚು ಬಿಸಿಯಾದೀತೆಂದು ಸ್ಯುಕುರೊ ಮನಾಬೆ ಮತ್ತು ವೆದರಾಲ್ಡ್ ಅವರು 1967ರಷ್ಟು ಹಿಂದೆಯೇ ಲೆಕ್ಕ ಹಾಕಿದ್ದರು. ಇಂತಹ ಕೆಲಸಕ್ಕಾಗಿ ಮನಾಬೆ ಅವರಿಗೆ 2021ರಲ್ಲಿ ನೊಬೆಲ್ ಪಾರಿತೋಷಕವೂ ಬಂದಿತು. ಬಿಸಿಯಾದ ಗಾಳಿ ಡಿಗ್ರಿಯೊಂದಕ್ಕೆ ಸುಮಾರು 7 ಶೇಕಡಾ ಹೆಚ್ಚು ಆವಿಯನ್ನು ಹಿಡಿದುಕೊಳ್ಳಬಲ್ಲದೆಂಬುದು ಮಾದರಿಯ ಹಂಗಿಲ್ಲದ ಭೌತಶಾಸ್ತ್ರ. ಹಿಡಿದುಕೊಂಡದ್ದು ಒಂದು ದಿನ ಇಳಿಯಲೇ ಬೇಕು. ಒಟ್ಟು ಮಳೆ ಹೆಚ್ಚೋ ಕಡಿಮೆಯೋ ಎಂಬುದರಲ್ಲಿ ವಿವಾದವಿದ್ದರೂ, ಬಂದಾಗ ಹೊಡೆದು ಬರುವ ಮಳೆ ಇನ್ನಷ್ಟು ಜೋರಾದೀತೆಂಬುದರಲ್ಲಿ ವಿಜ್ಞಾನಿಗಳಿಗೆ ಹೆಚ್ಚಿನ ಭಿನ್ನಮತವಿಲ್ಲ.

ಕೇರಳದವರಾದ ನಮಗೆ ಇದನ್ನು ಪುಸ್ತಕದಿಂದ ಕಲಿಯಬೇಕಾದ್ದಿಲ್ಲ. 2018ರಲ್ಲಿ ಜೂನ್ ಒಂದರಿಂದ ಆಗಸ್ಟ್ 19ರ ವರೆಗೆ ರಾಜ್ಯದಲ್ಲಿ ವಾಡಿಕೆಗಿಂತ 42 ಶೇಕಡಾ ಹೆಚ್ಚು ಮಳೆಯಾಗಿ ಮಹಾಪ್ರವಾಹ ಬಂದಿತು. 2019ರ ಆಗಸ್ಟ್ 8ರಂದು ಕವಳಪ್ಪಾರ, ಪುತ್ತುಮಲಗಳಲ್ಲಿ ಗುಡ್ಡಗಳು ಜರಿದುವು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಮಣ್ಣಿನಡಿಯಾದುವು. ವಯನಾಡಿನ ಆ ಮಳೆಯನ್ನು ಪರಿಶೀಲಿಸಿದ 'ವರ್ಲ್ಡ್ ವೆದರ್ ಆಟ್ರಿಬ್ಯೂಷನ್' ಎಂಬ ವಿಜ್ಞಾನಿಗಳ ಕೂಟ, ಭೂಮಿ ಬಿಸಿಯೇರಿದ್ದರಿಂದ ಅಂತಹ ಒಂದು ದಿನದ ಮಳೆ ಸುಮಾರು 10 ಶೇಕಡಾ ಜೋರಾಗಿದೆ ಎಂದಿತು. ಅದೇ ಉಸಿರಿನಲ್ಲಿ, ಪ್ರದೇಶ ಚಿಕ್ಕದು, ಗುಡ್ಡಗಾಡು, ಆದ್ದರಿಂದ ಮಾದರಿಗಳ ಲೆಕ್ಕದಲ್ಲಿ ಅನಿಶ್ಚಿತತೆ ಬಹಳ ಎಂದೂ ಹೇಳಿತು. ನಾವು ಮೆಚ್ಚಬೇಕಾದುದು ಈ ರೀತಿಯನ್ನು. ಎಚ್ಚರಿಕೆಯನ್ನೂ ಕೊಟ್ಟರು, ಅದರ ಮಿತಿಯನ್ನೂ ತಿಳಿಸಿದರು.

ನಮ್ಮ ಒತ್ತಾಯವಿಷ್ಟೆ. ಅಂಕಿಯ ದಶಾಂಶವನ್ನು ನಂಬುವುದು ಬೇಡ, ಎಚ್ಚರಿಕೆಯನ್ನು ನಂಬದಿರುವುದೂ ಬೇಡ. ಮುಂದೆ ಯಾವುದಾದರೊಂದು ಯೋಜನೆಯವರು ಕಾಸರಗೋಡು ಜಿಲ್ಲೆಯಲ್ಲಿ 2050ಕ್ಕೆ ಇಷ್ಟೇ ಶೇಕಡಾ ಮಳೆ ಹೆಚ್ಚುತ್ತದೆ ಎಂದು ನಕಾಶೆ ಹರಡಿದರೆ ಪಂಚಾಯತು ಸದಸ್ಯರು ಮೂರು ಪ್ರಶ್ನೆಗಳನ್ನು ಕೇಳಬೇಕು. ಇದು ಒಂದು ಮಾದರಿಯ ಮಾತೋ, ಹಲವು ಮಾದರಿಗಳದ್ದೋ? ಹೆಚ್ಚುವುದು ಇಲ್ಲವೇ ಇಳಿಯುವುದು ಎಂಬ ವಿಷಯದಲ್ಲಾದರೂ ಅವು ಒಮ್ಮತದಲ್ಲಿವೆಯೆ? ಕಳೆದ 50 ವರ್ಷಗಳಲ್ಲಿ ಇಲ್ಲಿ ಬಿದ್ದ ಮಳೆಯನ್ನು ಅವು ಸರಿಯಾಗಿ ತೋರಿಸುತ್ತವೆಯೆ? ಮೂರಕ್ಕೂ ತೃಪ್ತಿಕರ ಉತ್ತರ ಬಾರದಿದ್ದರೆ ಆ ಒಂದು ಅಂಕಿಯನ್ನು ನೆಚ್ಚಿ ಹಣ ಸುರಿಯಬಾರದು. ಬದಲಾಗಿ, ಕನಿಷ್ಠದಿಂದ ಗರಿಷ್ಠದವರೆಗಿನ ವ್ಯಾಪ್ತಿಯನ್ನು ಕೇಳಿ, ಗರಿಷ್ಠವನ್ನು ತಾಳುವಂತೆ ಮೋರಿ, ಚರಂಡಿ, ಕಾಲುಸಂಕಗಳನ್ನು ಕಟ್ಟಬೇಕು. ಕನಿಷ್ಠವನ್ನು ನೆನೆದು ಸುರಂಗ, ಕೆರೆ, ಕಟ್ಟಗಳನ್ನು ಉಳಿಸಿಕೊಳ್ಳಬೇಕು. ಮಧುವಾಹಿನಿ ಉಕ್ಕಿ ಮಧೂರು ದೇವಸ್ಥಾನಕ್ಕೆ ನೀರು ನುಗ್ಗುವ ಊರಿನಲ್ಲಿಯೇ ಎಪ್ರಿಲ್ ತಿಂಗಳು ಬಂದರೆ ಬಾವಿಗಳು ಒಣಗುತ್ತವೆ. ಎರಡಕ್ಕೂ ಸಿದ್ಧತೆ ಬೇಕೆಂಬುದಕ್ಕೆ ಗಣಕಯಂತ್ರದ ಸಾಕ್ಷಿ ಬೇಡ.

ಎರಡನೆಯದಾಗಿ, ಮಳೆಮಾಪಕಗಳು. ಯಾವ ಮಾದರಿಯನ್ನು ತಿದ್ದಬೇಕಾದರೂ ನೆಲದ ಮೇಲೆ ಅಳೆದ ಮಳೆಯೇ ಒರೆಗಲ್ಲು. ಕರಾವಳಿಯ ಮಂಜೇಶ್ವರಕ್ಕೂ ಗಡಿಯ ಪಾಣತ್ತೂರಿಗೂ ಒಂದೇ ಮಳೆಯಲ್ಲ. ಪ್ರತಿಯೊಂದು ಪಂಚಾಯತಿನಲ್ಲಿ, ಮುಖ್ಯವಾಗಿ ಗುಡ್ಡಗಾಡಿನ ಕಡೆ, ಕೆಟ್ಟರೆ ಕೂಡಲೇ ರಿಪೇರಿಯಾಗುವ ಮಾಪಕವಿರಬೇಕು. ಅದರ ಅಂಕಿ ಸಾರ್ವಜನಿಕರಿಗೆ ಸಿಕ್ಕಬೇಕು. ಪ್ರೌಢಶಾಲೆಗಳಲ್ಲಿ ಮಕ್ಕಳ ಕೈಯಿಂದ ದಿನವೂ ಮಳೆ ಅಳೆಯಿಸಿ ಬರೆದಿಡಿಸುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ. ನಮ್ಮ ಕಡೆಯ ಕೃಷಿಕರ ಮನೆಗಳಲ್ಲಿ ಮಳೆ ಬರೆದಿಟ್ಟ ಹಳೆಯ ಪುಸ್ತಕಗಳಿದ್ದರೆ ಅವುಗಳನ್ನು ರದ್ದಿಗೆ ಹಾಕದೆ ಉಳಿಸಬೇಕು. ಅವು ವಿಜ್ಞಾನಕ್ಕೆ ಬೆಲೆಬಾಳುವ ದಾಖಲೆಗಳು.

ಮೂರನೆಯದಾಗಿ, ಭಾಷೆ. ಒಂದು ದಿನದಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಮಳೆ ಬಿದ್ದರೆ ಅದು 'ಅತ್ಯಂತ ಭಾರೀ' ಎಂದೂ, ಅಂತಹ ನಿರೀಕ್ಷೆಯಿದ್ದಾಗ ಕೆಂಪು ಎಚ್ಚರಿಕೆ ಎಂದೂ ಹವಾಮಾನ ಇಲಾಖೆಯ ಲೆಕ್ಕ. ಇದರ ಅರ್ಥವೇನು, ಯಾರು ಮನೆ ಬಿಡಬೇಕು, ಎಲ್ಲಿಗೆ ಹೋಗಬೇಕು ಎಂಬುದು ಕನ್ನಡ ಮಾತ್ರ ಓದಬಲ್ಲ ಅಜ್ಜಿಗೂ ಹೊತ್ತಿಗೆ ಸರಿಯಾಗಿ ತಿಳಿಯಬೇಕು. ಮಹಾಳಿ ರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ಎರಡು ದಿನದ ಬಿಸಿಲು ಕಾಯುವ ಅಡಕೆ ಬೆಳೆಗಾರನಿಗೆ ಬಿಡುವಿನ ಮುನ್ಸೂಚನೆ ತನ್ನ ನುಡಿಯಲ್ಲಿ ಬೇಕು. ಕೋಟಿಗಟ್ಟಲೆ ಖರ್ಚಿನ ಮಹಾಗಣಕದಿಂದ ಹೊರಟ ಮಾತು ಕೊನೆಯ ಒಂದು ಮೈಲಿನಲ್ಲಿ ಭಾಷೆಯ ತೊಡಕಿನಿಂದ ನಿಂತುಹೋದರೆ ಅದು ನಾಚಿಕೆಗೇಡು. ಮಲೆಯಾಳದಲ್ಲಿ ಹೊರಡುವ ಪ್ರತಿಯೊಂದು ಎಚ್ಚರಿಕೆಯೂ ಅದೇ ಗಳಿಗೆಯಲ್ಲಿ ಕನ್ನಡದಲ್ಲಿಯೂ ಹೊರಡಬೇಕೆಂದು ಕೇಳುವುದರಲ್ಲಿ ಭಾಷಾ ಜಗಳವೇನೂ ಇಲ್ಲ, ಜೀವದ ಪ್ರಶ್ನೆಯಿದೆ.

ಉಷ್ಣವಲಯದ ಮೋಡಗಳು ಸದ್ಯಕ್ಕೆ ವಿಜ್ಞಾನಿಗಳ ಕೈಗೆ ಪೂರ್ತಿಯಾಗಿ ಸಿಕ್ಕುವಂತಿಲ್ಲ. ಬಲೆಯ ಕಣ್ಣು ಸಣ್ಣದಾಗುತ್ತಾ ಬಂದಂತೆ ಲೆಕ್ಕ ಸುಧಾರಿಸೀತು. ಅಲ್ಲಿಯ ತನಕ ಮಾದರಿಗಳು ಹೇಳಲಾರದ್ದನ್ನು ನೆಪ ಮಾಡಿಕೊಂಡು ಕೈಕಟ್ಟಿ ಕುಳಿತರೆ, ಅವು ಖಚಿತವಾಗಿ ಹೇಳಿದ್ದನ್ನೂ ಕೇಳಿಸಿಕೊಳ್ಳದವರಾಗುತ್ತೇವೆ. ಈ ಬಗ್ಗೆ ಜಿಲ್ಲಾಡಳಿತವೂ ಪಂಚಾಯತುಗಳೂ ಮುಂದಿನ ಮಳೆಗಾಲಕ್ಕೆ ಮೊದಲೇ ಎಚ್ಚೆತ್ತುಕೊಳ್ಳಬೇಕೆಂದು ನಾವು ಆಗ್ರಹಪಡಿಸುತ್ತೇವೆ.